ಬೊಂಬಾಯಿ ಕೆಡಿಸಿತಂತೆ!

ಮೊನ್ನೆ ಊರಿನಿಂದ ಸೋದರಮಾವ ಫೋನ್ ಮಾಡಿದ್ದರು. ಮಳೆ, ಅಡಿಕೆ ಎಲ್ಲ ಮುಗಿದು ಮಾತು ಕ್ರಿಕೆಟ್ಟಿಗೆ ಬಂತು. “ನಮ್ಮ ಸುರತ್ಕಲ್ಲಿನ ರಾಹುಲ್ ಬಂಗಾರದಂಥ ಹುಡುಗ ಮಾರಾಯ. ಆ ಬೊಂಬಾಯಿ ಟಿವಿಯವರು ಕರೆಸಿ ಅವನ ಹೆಸರು ಕೆಡಿಸಿಬಿಟ್ಟರು” ಅಂದರು. ಇಪ್ಪತ್ತೆಂಟು ವರ್ಷಗಳಿಂದ ಡೊಂಬಿವಲಿಯಲ್ಲಿದ್ದು, ದಿನಾ ಮಹಾಪೆಗೆ ಹೋಗಿ ದುಡಿಯುವ ನನಗೆ ಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು.

ಹುಡುಗ ಬಂಗಾರವೇ, ಅದರಲ್ಲಿ ಎರಡು ಮಾತಿಲ್ಲ. ಕೆ.ಎಲ್. ರಾಹುಲ್ ಮೇಷ್ಟ್ರ ಮನೆಯ ಮಗ, ಮಂಗಳೂರಿನ ನೆಹರೂ ಮೈದಾನದಲ್ಲಿ ಆಡಿ ಬೆಳೆದವನು. 2013-14ರಲ್ಲಿ ಕರ್ನಾಟಕ ರಣಜಿ ಗೆದ್ದಾಗ ಸಾವಿರಕ್ಕೂ ಮೇಲೆ ರನ್ ಹೊಡೆದ. ಮರುವರ್ಷದ ಸೀಸನ್ನಿನಲ್ಲಿ ಉತ್ತರಪ್ರದೇಶದ ಮೇಲೆ 337. 2016ರಲ್ಲಿ ಹರಾರೆಯಲ್ಲಿ ಮೊದಲ ಏಕದಿನ ಪಂದ್ಯದಲ್ಲೇ ಶತಕ. ಭಾರತೀಯರಲ್ಲಿ ಅದುವರೆಗೆ ಯಾರೂ ಹಾಗೆ ಹೊಡೆದಿರಲಿಲ್ಲ. ಅದನ್ನು ನೋಡಿ ನಾನಿಲ್ಲಿ ಮರಾಠಿ ಗೆಳೆಯರಿಗೆಲ್ಲ ‘ನಮ್ಮ ಹುಡುಗ’ ಎಂದು ಹೇಳಿಕೊಂಡು ತಿರುಗಿದ್ದೆ.

ಆಮೇಲೆ ಬಂತು ‘ಕಾಫಿ ವಿತ್ ಕರಣ್’. 2019ರ ಜನವರಿ 6ರಂದು ಪ್ರಸಾರವಾದ ಆ ಹರಟೆಯಲ್ಲಿ ಹೆಂಗಸರ ಬಗ್ಗೆ ಹಗುರ ಮಾತು. ಹೆಚ್ಚು ಆಡಿದ್ದು ಹಾರ್ದಿಕ್ ಪಾಂಡ್ಯ. ರಾಹುಲ್ ಆಡಿದ್ದು ಕಡಿಮೆ, ಜತೆಗೆ ಕೂತು ನಕ್ಕ. ಆಸ್ಟ್ರೇಲಿಯಾದಲ್ಲಿದ್ದ ಇಬ್ಬರನ್ನೂ 11ರಂದು ಅಮಾನತು ಮಾಡಿ ಮನೆಗೆ ಕಳಿಸಿದರು. 24ರಂದು ಅಮಾನತು ತೆಗೆದರು. ಏಪ್ರಿಲ್‌ನಲ್ಲಿ ಕ್ರಿಕೆಟ್ ಮಂಡಳಿಯ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ದಂಡ ಹಾಕಿದರು. ಅದರಲ್ಲಿ ಹತ್ತು ಲಕ್ಷ, ಕರ್ತವ್ಯದಲ್ಲಿ ಮಡಿದ ಅರೆಸೇನಾಪಡೆಗಳ ಹತ್ತು ಪೇದೆಗಳ ಪತ್ನಿಯರಿಗೆ. ಉಳಿದ ಹತ್ತು ಲಕ್ಷ ಅಂಧರ ಕ್ರಿಕೆಟ್ಟಿಗೆ.

‘ಬರೀ ನಕ್ಕವನಿಗೂ ಅಷ್ಟೇ ದಂಡವೇ?’ ಎಂದು ಆಗ ನಮ್ಮವರು ಬಹಳ ಜನ ಕೇಳಿದರು. ನನಗೆ ಆ ಪ್ರಶ್ನೆ ಕೇಳುವ ಧೈರ್ಯ ಇಲ್ಲ. ಯಾಕೆ ಅಂತ ಹೇಳ್ತೇನೆ.

ಹಲವು ವರ್ಷಗಳ ಹಿಂದೆ ನಮ್ಮ ಆಫೀಸಿಗೆ ಹೊಸದಾಗಿ ಒಬ್ಬ ಹುಡುಗಿ ಸೇರಿದ್ದಳು. ಶಿಳ್‌ಫಾಟಾ ಮೇಲೆ ಡೊಂಬಿವಲಿಗೆ ಬರುವ ಆಫೀಸ್ ಬಸ್ಸಿನಲ್ಲಿ ಹಿಂದಿನ ಸೀಟಿನವರು ಅವಳ ಬಗ್ಗೆ ಅವಳಿಗೇ ಕೇಳುವಂತೆ ಏನೋ ಅಂದರು. ನಾನು ಏನೂ ಅನ್ನಲಿಲ್ಲ. ನಕ್ಕೆ, ಅಷ್ಟೇ. ಅವಳು ತಿರುಗಿ ನೋಡಿದ್ದು ನನ್ನನ್ನು! ಮರುವಾರದಿಂದ ಅವಳು ಆ ಬಸ್ಸು ಹತ್ತಲಿಲ್ಲ. ಘಣ್ಸೋಲಿಯಿಂದ ಥಾಣೆಗೆ ಹೋಗಿ, ಅಲ್ಲಿ ರೈಲು ಬದಲಿಸಿ, ನೂಕುನುಗ್ಗಲಲ್ಲಿ ಮನೆಗೆ ಹೋಗತೊಡಗಿದಳು. ನನಗೆ ಯಾರೂ ದಂಡ ಹಾಕಲಿಲ್ಲ.

ಆ ನಗುವನ್ನು ನಾನು ಬೊಂಬಾಯಿಯಲ್ಲಿ ಕಲಿತದ್ದಲ್ಲ ಸ್ವಾಮಿ. ಊರಿನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಕಲಿತು, ಟ್ರಂಕಿನ ಜತೆ ಹೊತ್ತು ತಂದದ್ದು. ಸೆಂಚುರಿ ಹೊಡೆದರೆ ಊರಿನ ಸಂಸ್ಕಾರ, ಎಡವಿದರೆ ಬೊಂಬಾಯಿ ಗಾಳಿ! ಇದ್ಯಾವ ಲೆಕ್ಕ? ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮನುಷ್ಯರಾದ ನಮ್ಮ ಕರಾವಳಿಯ ಹುಡುಗರೆಷ್ಟೋ. ಅವರಿಗೂ ಇದೇ ಊರು ಅನ್ನ ಕೊಟ್ಟದ್ದು.

ರಾಹುಲ್ ಮಾತ್ರ ಅಂಥ ನೆಪ ಹೇಳಿಕೊಂಡು ಕೂರಲಿಲ್ಲ. ಭಾರತ ‘ಎ’ ತಂಡಕ್ಕೆ ಇಳಿದು, ದ್ರಾವಿಡ್ ಕಣ್ಣೆದುರು ಆಡಿ, ಫೆಬ್ರವರಿ ಮುಗಿಯುವುದರೊಳಗೆ ಮತ್ತೆ ಭಾರತ ತಂಡದಲ್ಲಿದ್ದ. ಆ ಪ್ರಸಂಗ ತನ್ನನ್ನು ತುಂಬ ಬದಲಾಯಿಸಿತು ಎಂದು 2024ರಲ್ಲಿ ಒಂದು ಸಂದರ್ಶನದಲ್ಲಿ ಅವನೇ ಹೇಳಿದ. ಇಪ್ಪತ್ತಾರರ ವಯಸ್ಸಿನಲ್ಲಿ ಮಾಡಿದ ತಪ್ಪನ್ನು ಸಾಯುವ ತನಕ ಎತ್ತಿ ಆಡುವುದು ಬೇಡ. ಹಾಗಂತ ಅದು ಅವನ ತಪ್ಪೇ ಅಲ್ಲ ಅನ್ನುವುದೂ ಬೇಡ.

ಮಾವನಿಗೆ ಇಷ್ಟೆಲ್ಲ ಹೇಳಲಿಕ್ಕಾಗಲಿಲ್ಲ. “ತಪ್ಪು ಮಾಡಿದ, ದಂಡ ಕಟ್ಟಿದ, ಮತ್ತೆ ಬ್ಯಾಟ್ ಹಿಡಿದ. ನಮ್ಮ ಬೊಂಬಾಯಿಯನ್ನು ಬಿಟ್ಟುಬಿಡಿ ಮಾವ” ಅಂದೆ. “ಓಹೋ, ನಿನ್ನನ್ನೂ ಕೆಡಿಸಿದೆ ಅದು!” ಅಂದು ಫೋನಿಟ್ಟರು.