ಮೂಗಿಗೆ ಗೊತ್ತಾದದ್ದು ಕಡತ ಸೇರಬೇಕು

ದುರ್ವಾಸನೆಯ ದೂರು ಕೊಟ್ಟವರ ಪಾಡು ಎಲ್ಲ ಊರಲ್ಲೂ ಒಂದೇ. ಕಾರ್ಖಾನೆ ಅನಿಲ ಬಿಡುವುದು ನಡುರಾತ್ರಿ, ಅಧಿಕಾರಿ ಬರುವುದು ಮರುದಿನ ಊಟ ಮುಗಿಸಿ. ಅಷ್ಟರಲ್ಲಿ ಗಾಳಿಯೂ ಶುದ್ಧ, ವರದಿಯೂ ಶುದ್ಧ.

ತಮಿಳುನಾಡಿನ ಕಡಲೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗರು ಈ ಆಟ ನೋಡಿ ನೋಡಿ ಬೇಸತ್ತಿದ್ದರು. 2004ರಲ್ಲಿ ತಾವೇ ಗಾಳಿ ಹಿಡಿಯಲು ಹೊರಟರು. ಮೊದಲ ಉಪಕರಣ ಮೂಗು. ಯಾವ ದಿನ, ಎಷ್ಟು ಹೊತ್ತಿಗೆ, ಗಾಳಿ ಯಾವ ದಿಕ್ಕಿನದು, ವಾಸನೆ ಕೊಳೆತ ಮೊಟ್ಟೆಯದೋ ನೇಲ್ ಪಾಲಿಶಿನದೋ ಹೆಣ ಸುಟ್ಟಂಥದ್ದೋ ಎಂದು ಬರೆದಿಡತೊಡಗಿದರು.

ಎರಡನೆಯದು ಬಕೆಟ್. ನಿಜಕ್ಕೂ ಪ್ಲಾಸ್ಟಿಕ್ ಬಕೆಟ್ಟೇ. ಒಳಗೊಂದು ಟೆಡ್ಲಾರ್ ಎಂಬ ಪ್ಲಾಸ್ಟಿಕ್ಕಿನ ಚೀಲ, ಮುಚ್ಚಳದಲ್ಲಿ ವಾಲ್ವ್, ಜೊತೆಗೊಂದು ಪುಟ್ಟ ಪಂಪು. ಪಂಪು ಬಕೆಟ್ಟಿನೊಳಗಿನ ಗಾಳಿಯನ್ನು ಹೊರಗೆಳೆದಂತೆ ಹೊರಗಿನ ಗಾಳಿ ಚೀಲಕ್ಕೆ ನುಗ್ಗಿ ಅದು ಉಬ್ಬುತ್ತದೆ. ಕೆಲವೇ ನಿಮಿಷದ ಕೆಲಸ. ಅಮೆರಿಕದ ಪ್ರಯೋಗಾಲಯಕ್ಕೆ ಹೋದ ಈ ಚೀಲಗಳಲ್ಲಿ 22 ವಿಷಕಾರಿ ರಾಸಾಯನಿಕಗಳು ಸಿಕ್ಕವು. ಅವುಗಳಲ್ಲಿ 8 ಕ್ಯಾನ್ಸರ್‌ಕಾರಕ. ಅಪಾಯಕಾರಿ ತ್ಯಾಜ್ಯದ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿ ಕಡಲೂರಿಗೇ ಬಂದು ನೋಡಿತು.

ಬಕೆಟ್ಟಿನ ತವರು ಕ್ಯಾಲಿಫೋರ್ನಿಯಾ. ತೈಲ ಶುದ್ಧೀಕರಣ ಘಟಕದ ಸೋರಿಕೆಯಿಂದ ಕಂಗೆಟ್ಟ ಜನರ ಪರವಾಗಿ ವಕೀಲ ಎಡ್ವರ್ಡ್ ಮ್ಯಾಸ್ರಿ 1995ರಲ್ಲಿ ಇದನ್ನು ಮಾಡಿಸಿದರು. ಲೂಸಿಯಾನದ ನಾರ್ಕೊದಲ್ಲಿ ಶೆಲ್ ಕಂಪನಿಯ ಬೇಲಿಗೆ ಅಂಟಿಕೊಂಡಿದ್ದ ಕಪ್ಪು ಜನರ ಬಡಾವಣೆಯೂ ಇದನ್ನೇ ಹಿಡಿಯಿತು. ಹೋರಾಟದ ಮುಂದಾಳು ಮಾರ್ಜಿ ರಿಚರ್ಡ್ ನಿವೃತ್ತ ಶಿಕ್ಷಕಿ. 2002ರಲ್ಲಿ ಕಂಪನಿ ಬಡಾವಣೆಯವರ ಮನೆ ಕೊಂಡು ಸ್ಥಳಾಂತರಕ್ಕೆ ಒಪ್ಪಿತು.

ಕೆಲವೇ ನಿಮಿಷದ ಗಾಳಿ ಇಡೀ ವರ್ಷದ ಕಥೆ ಹೇಳೀತೇ ಎಂಬ ತಕರಾರು ಇದ್ದೇ ಇದೆ. ಹೇಳುವುದಿಲ್ಲ, ಸರಿ. ಆದರೆ ವರ್ಷವಿಡೀ ಅಳೆಯಬೇಕಾದವರು ಯಾರು? 2004ರಲ್ಲಿ ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟದ ಪಟ್ಟಿಯಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನಿಗೆ ಮಿತಿಯೇ ಇರಲಿಲ್ಲ, ಅದು ಸೇರಿದ್ದು 2009ರಲ್ಲಿ. ಅಳತೆಗೋಲೇ ಇಲ್ಲದವರು ಹಳ್ಳಿಗರ ಬಕೆಟ್ಟನ್ನು ಹೀಗಳೆದರೆ ನಗು ಬರುತ್ತದೆ.

ಕರ್ನಾಟಕಕ್ಕೂ ಈ ಮಾತು ದೂರದ್ದಲ್ಲ. ಮಂಗಳೂರಿನ ಜೋಕಟ್ಟೆಯ ಜನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನ ಕೋಕ್–ಸಲ್ಫರ್ ಘಟಕದ ಮಾಲಿನ್ಯದ ವಿರುದ್ಧ ವರ್ಷಗಟ್ಟಲೆ ಹೋರಾಡಿದವರು. ಬೀದರಿನ ಕೊಳ್ಹಾರ ಕೈಗಾರಿಕಾ ಪ್ರದೇಶದ ಸುತ್ತಲೂ ವಾಸನೆಯ ದೂರು ಹಳೆಯದು. ಇಂಥ ಕಡೆ ಜನ ದಿನಾಂಕ, ಸಮಯ, ಗಾಳಿಯ ದಿಕ್ಕು ಬರೆದು ತಂದರೆ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ಮನವಿಪತ್ರವೆಂದು ಪಕ್ಕಕ್ಕಿಡದೆ ದಾಖಲೆಯೆಂದು ಸ್ವೀಕರಿಸಬೇಕು. ಒಂದೇ ಹೊತ್ತಿನಲ್ಲಿ ವಾಸನೆ ಮರುಕಳಿಸುತ್ತಿದೆಯೆಂದು ಆ ದಾಖಲೆ ತೋರಿಸಿದರೆ, ಮಾದರಿ ತೆಗೆಯುವ ಸಿಬ್ಬಂದಿ ಹೋಗಬೇಕಾದದ್ದು ಅದೇ ಹೊತ್ತಿಗೆ, ರಾತ್ರಿ ಎರಡು ಗಂಟೆಯಾದರೂ ಸರಿ. ಫಲಿತಾಂಶದ ಪ್ರತಿ ಕಾರ್ಖಾನೆಗೆ ಹೋಗುವ ದಿನವೇ ಪಂಚಾಯಿತಿ ಕಚೇರಿಯ ಫಲಕಕ್ಕೂ ಬರಬೇಕು, ಕನ್ನಡದಲ್ಲಿ.