ಬೆಲೆಯೂ ಘನತೆಯೂ

ಬೆಲೆಯುಳ್ಳ ವಸ್ತುವಿನ ಸ್ಥಾನದಲ್ಲಿ ಅದೇ ಬೆಲೆಯ ಮತ್ತೊಂದನ್ನು ಇಡಬಹುದು. ಮನುಷ್ಯನಿಗಾದರೋ ಇರುವುದು ಬೆಲೆಯಲ್ಲ, ಘನತೆ, ಆತನಿಗೆ ಬದಲಿಯಿಲ್ಲ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ತೋರಿದ ಈ ಭೇದವು ಮಾನವ ಹಕ್ಕುಗಳ ವಿಚಾರಕ್ಕೆ ಒಂದು ತಳಹದಿಯಾಗಿದೆ.

ಈ ಘನತೆಯ ಮೂಲ ಯಾವುದೆಂಬಲ್ಲಿ ಉತ್ತರಗಳು ಬೇರೆ ಬೇರೆ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿಯೇ ಸೃಷ್ಟಿಸಿದನೆಂದು ಬೈಬಲ್ ಹೇಳುತ್ತದೆ. ಸರ್ವಭೂತಗಳಲ್ಲಿಯೂ ಆತ್ಮವೊಂದೇ ಎಂಬುದು ಉಪನಿಷತ್ತುಗಳ ದರ್ಶನ. ಬೆವರು ಆರುವ ಮುನ್ನವೇ ಕೂಲಿ ಸಲ್ಲಿಸಬೇಕೆಂದು ಇಸ್ಲಾಮಿನ ಹದೀಸು ವಿಧಿಸುತ್ತದೆ. 1947ರಲ್ಲಿ ಯುನೆಸ್ಕೋ ನಾನಾ ದೇಶಗಳ ಚಿಂತಕರ ಅಭಿಪ್ರಾಯ ಕೇಳಿದಾಗ, ಕರ್ತವ್ಯಪಾಲನೆಯಿಂದಲೇ ಹಕ್ಕು ದೊರೆಯುವುದೆಂದು ತಮ್ಮ ನಿರಕ್ಷರ ತಾಯಿಯಿಂದ ಕಲಿತುದಾಗಿ ಗಾಂಧೀಜಿ ಬರೆದರು. ಕಾರಣಗಳಲ್ಲಿ ಒಮ್ಮತವಿಲ್ಲದಿದ್ದರೂ 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ 48 ರಾಷ್ಟ್ರಗಳು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದವು, 8 ರಾಷ್ಟ್ರಗಳು ತಟಸ್ಥವಾಗುಳಿದವು, ವಿರೋಧಿಸಿದವರಿಲ್ಲ. ಅದರ ಮೊದಲ ವಿಧಿಯಲ್ಲಿ ಪುರುಷರನ್ನು ಸೂಚಿಸುವ ಪದದ ಬದಲು ಮಾನವರೆಲ್ಲರನ್ನೂ ಒಳಗೊಳ್ಳುವ ಪದ ಬರುವಂತೆ ಶ್ರಮಿಸಿದವರು ನಮ್ಮ ದೇಶದ ಹಂಸಾ ಮೆಹ್ತಾ.

ಈಗ ಜಗತ್ತೆಲ್ಲವೂ ಒಂದೇ ಸಂತೆಯಾಗಿದೆ. ಈ ಸಂತೆಯಲ್ಲಿ ಘನತೆಯ ಗತಿಯೇನು? ಢಾಕಾ ಸಮೀಪದ ಸಾವರಿನಲ್ಲಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡವಿತ್ತು. 2013ರ ಏಪ್ರಿಲ್ 23ರಂದು ಅದರ ಗೋಡೆಗಳಲ್ಲಿ ಬಿರುಕು ಕಂಡಿತು. ಕೆಳಗಿದ್ದ ಬ್ಯಾಂಕಿನ ನೌಕರರನ್ನು ಮನೆಗೆ ಕಳುಹಿಸಲಾಯಿತು. ಸಿದ್ಧ ಉಡುಪು ಹೊಲಿಯುವವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಯಲಾಯಿತು. ಅಂದು ಬೆಳಗ್ಗೆ ಕಟ್ಟಡ ಕುಸಿದು 1,134 ಮಂದಿ ಮಡಿದರು. ಅಲ್ಲಿನ ಉಡುಪುಗಳು ಮಾರಾಟವಾಗುತ್ತಿದ್ದುದು ದೂರದ ಯುರೋಪ್, ಅಮೆರಿಕಗಳ ಅಂಗಡಿಗಳಲ್ಲಿ.

ಘೋಷಣೆಯು ರಾಷ್ಟ್ರಗಳನ್ನು ಉದ್ದೇಶಿಸಿತ್ತು. ಆದರೆ ಅಗ್ಗದ ಉಡುಪನ್ನು ಬಯಸಿದವರು ಗಡಿಯಾಚೆಗಿದ್ದರು. ಈ ದುರಂತದ ಬಳಿಕ, ಅದೇ ಮೇ ತಿಂಗಳಲ್ಲಿ, ಕಾರ್ಖಾನೆಗಳ ಸುರಕ್ಷತೆಗಾಗಿ ಕಾನೂನಿನ ಬಲವುಳ್ಳ ಒಪ್ಪಂದವೊಂದು ಏರ್ಪಟ್ಟು, ಕ್ರಮೇಣ ಇನ್ನೂರಕ್ಕೂ ಮಿಕ್ಕ ಕಂಪೆನಿಗಳು ಅದಕ್ಕೆ ಸಹಿ ಹಾಕಿದವು. ಹಕ್ಕು ಒಬ್ಬರದಾದರೆ ಕರ್ತವ್ಯ ಇನ್ನೊಬ್ಬರದೆಂಬುದು ಆಗ ಕಾಗದದ ಮೇಲೆ ಬಂದಿತು. ಜೀವ ತೆತ್ತ ಮೇಲಷ್ಟೇ ಬಂದಿತೆಂಬುದು ವಿಷಾದದ ಸಂಗತಿ.

ಗಡಿಯು ಆಡಳಿತದ ಗೆರೆಯೇ ಹೊರತು ಮನುಷ್ಯಸಂಬಂಧದ ಕೊನೆಯಲ್ಲವೆಂಬುದನ್ನು ಗಡಿನಾಡಿನ ಕನ್ನಡಿಗರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಬ್ಬಕ್ಕೆಂದು ಮಕ್ಕಳಿಗೆ ಅಂಗಿ ಕೊಳ್ಳುವಾಗ, ತೀರ ಅಗ್ಗವೆನಿಸಿದರೆ, ಯಾರ ಕೂಲಿಯಲ್ಲಿ ಕಡಿತವಾಗಿ ಈ ಅಗ್ಗ ಬಂದಿತೆಂದು ವಾಚಕರು ಒಂದು ಕ್ಷಣ ವಿಚಾರಿಸಬೇಕು; ಮಕ್ಕಳ ಎದುರಿಗೇ ವಿಚಾರಿಸಬೇಕು. ಹಕ್ಕುಗಳ ಮೊದಲ ಪಾಠ ಅಲ್ಲಿಂದಲೇ ಆರಂಭವಾಗುವುದೆಂದು ನಾವು ನಂಬಿದ್ದೇವೆ.