ಸತ್ತ ಗಿಡಗಳ ರಿಜಿಸ್ಟರು

ಜೂನ್ ಕೊನೆಯ ವಾರ ಶಾಲೆಯಿಂದ ಫೋನು ಬಂತು. "ಈ ಸಲ ಐವತ್ತು ಗಿಡ ನೆಡೋಣ ಮೇಡಂ. ಗಣ್ಯರೊಬ್ಬರು ಬರ್ತಾರೆ, ಬ್ಯಾನರಿಗೂ ಕೊಟ್ಟಾಯಿತು" ಎಂದರು ಮುಖ್ಯೋಪಾಧ್ಯಾಯಿನಿ. ಮುಂಬಯಿ ಉಪನಗರದ ಆ ಶಾಲೆಯ ಪರಿಸರ ಸಂಘ ನೋಡಿಕೊಳ್ಳಲು ಶನಿವಾರ ಶನಿವಾರ ಹೋಗುವವಳು ನಾನು. ಸಂಬಳವಿಲ್ಲದ ಕೆಲಸ, ಹಾಗಾಗಿ ಬಾಯಿ ಸ್ವಲ್ಪ ಜೋರು. "ಕಳೆದ ವರ್ಷದ ನಲವತ್ತು ಎಲ್ಲಿವೆ?" ಎಂದು ಕೇಳಿಬಿಟ್ಟೆ.

ಉತ್ತರ ನನ್ನ ಹತ್ತಿರವೇ ಇತ್ತು. ನೆಟ್ಟ ಗಿಡಗಳ ಫೋಟೋ ಶಾಲೆಯ ಗೋಡೆಯ ಮೇಲಿರುತ್ತದೆ. ಸತ್ತವುಗಳ ರಿಜಿಸ್ಟರು ನನ್ನ ಚೀಲದಲ್ಲಿರುತ್ತದೆ. 40ರಲ್ಲಿ ಉಳಿದದ್ದು 7. ಚೆಂಡಾಟದ ಕಾಲಿಗೆ ಸಿಕ್ಕಿ ಹೋದವು 9. ದೀಪಾವಳಿಗೆ ಮೊದಲು ಗೋಡೆಗೆ ಬಣ್ಣ ಬಳಿದವರು ಸುಣ್ಣದ ನೀರು ಚೆಲ್ಲಿದ್ದಕ್ಕೆ 4. ಇನ್ನು 6 ಗಿಡಗಳ ಕತೆ ಹೇಳಲು ನಾಚಿಕೆ. ನೆಟ್ಟ ತಿಂಗಳೊಳಗೆ ಬಾಡಿದವನ್ನು ಏಳನೆಯ ತರಗತಿಯ ಹುಡುಗನೊಬ್ಬ ಅಗೆದು ತಂದು ನನ್ನ ಮುಂದಿಟ್ಟ. ಅವನ ಅಪ್ಪ ಅವ್ವ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. "ಟೀಚರ್, ಚೀಲ ಬಿಚ್ಚೇ ಇಲ್ರಿ. ಬೇರು ಎಲ್ಲಿಗಿ ಹೋಗ್ಬೇಕ್ರಿ?" ಎಂದ. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಫೋಟೋದ ಗಡಿಬಿಡಿಯಲ್ಲಿ ಅತಿಥಿಗಳು ಚೀಲದ ಸಮೇತ ಗುಂಡಿಗೆ ಇಳಿಸಿದ್ದರು. ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಿದವಳು ನಾನು.

ಉಳಿದ 14 ಸತ್ತದ್ದು ಮೇ ತಿಂಗಳಲ್ಲಿ, ನೀರಿಲ್ಲದೆ. ಮುಂಬಯಿಯಲ್ಲಿ ಮಳೆ ನಾಲ್ಕು ತಿಂಗಳು. ಆಮೇಲಿನ ಎಂಟು ತಿಂಗಳು ಎಳೆಗಿಡಕ್ಕೆ ನಾವೇ ಮೋಡ. ಅದರಲ್ಲಿ ಅತಿ ಕಷ್ಟದ ತಿಂಗಳಲ್ಲೇ ಶಾಲೆಗೆ ಬೀಗ. ನಮ್ಮವರಂತೂ ಮತ್ಸ್ಯಗಂಧವನ್ನೋ ಉದ್ಯಾನ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ ಊರಿಗೆ ಹೋಗಿರುತ್ತೇವೆ. ಅಲ್ಲಿ ಮಾವಿನಹಣ್ಣು ತಿನ್ನುವಾಗ ಇಲ್ಲಿಯ ಗಿಡದ ನೆನಪು ಯಾರಿಗಿರುತ್ತದೆ?

ವನಮಹೋತ್ಸವ ಶುರುಮಾಡಿದವರು ಕೆ. ಎಂ. ಮುನ್ಶಿ, 1950ರಲ್ಲಿ. ಜುಲೈ ಮೊದಲ ವಾರವೆಂಬ ರೂಢಿ ಅಂದಿನಿಂದ ಬಂದಿದೆ. ಮುಂಬಯಿ, ಪುಣೆಗಳಿಗೆ ಅದು ಒಪ್ಪುತ್ತದೆ. ಆದರೆ ಚೆನ್ನೈಯಲ್ಲಿ ದೊಡ್ಡ ಮಳೆ ಬರುವುದೇ ಅಕ್ಟೋಬರಿನಿಂದ. ಅಲ್ಲಿರುವ ಓದುಗರು ಕ್ಯಾಲೆಂಡರ್ ಬಿಟ್ಟು ಆಕಾಶ ನೋಡಿ ನೆಡುವುದು ವಾಸಿ.

ಮುಖ್ಯೋಪಾಧ್ಯಾಯಿನಿಯವರೊಂದಿಗೆ ಚೌಕಾಸಿ ಎರಡು ದಿನ ನಡೆಯಿತು. ನಾನು 12 ಎಂದೆ, ಅವರು 50 ಎಂದರು. ಅವರದೂ ತಪ್ಪಲ್ಲ, ವರದಿಯ ನಮೂನೆಯಲ್ಲಿ ಎಷ್ಟು ನೆಟ್ಟಿರಿ ಎಂಬ ಕಾಲಂ ಇದೆ, ಎಷ್ಟು ಬದುಕಿವೆ ಎಂಬುದಿಲ್ಲ. ಕೊನೆಗೆ ದಾರಿ ತೋರಿಸಿದ್ದು ಬಸಳೆ. ನನ್ನ ಬಾಲ್ಕನಿಯಲ್ಲಿ ಅದು ಗ್ರಿಲ್ ತುಂಬ ಹಬ್ಬಿದೆ. ಮುಂಬಯಿಯ ಮಂಗಳೂರು ಕಡೆಯವರ ಮನೆಗಳಲ್ಲಿ ಇದೇನೂ ಹೊಸದಲ್ಲ. ಗೇಣುದ್ದದ 38 ತುಂಡು ಕತ್ತರಿಸಿ, ತೊಳೆದ ಹಾಲಿನ ಪ್ಯಾಕೆಟ್ಟುಗಳ ತಳಕ್ಕೆ ತೂತು ಮಾಡಿ ಮಣ್ಣು ತುಂಬಿ, ಮಕ್ಕಳ ಕೈಗೆ ಕೊಟ್ಟೆವು. ಮನೆಗೆ ಒಯ್ದು ಕಿಟಕಿಯಲ್ಲಿಡಿ, ಚಿಗುರಿದಾಗ ಹೇಳಿ. 12 ಮತ್ತು 38 ಸೇರಿ 50, ಬ್ಯಾನರ್ ಸುಳ್ಳಾಗಲಿಲ್ಲ. ಮರಾಠಿ ಮಕ್ಕಳು ಅದನ್ನು ಮಾಯಾಳು ಎಂದರು, ಬಂಗಾಳಿ ಹುಡುಗಿ ಪುಂಯಿ ಎಂದಳು. ಒಂದು ಬಳ್ಳಿಯ ಹೆಸರಿಗೆ ಅರ್ಧ ಪೀರಿಯಡ್ ಹೋಯಿತು, ಹೋಗಲಿ.

ಆ 12ರಲ್ಲಿ ಹೊಂಗೆ, ಹೊಳೆದಾಸವಾಳ, ಆಪ್ಟಾ ತಲಾ ನಾಲ್ಕು. ಗುಲ್‌ಮೊಹರ್ ಬೇಕೆಂದು ಒತ್ತಾಯವಿತ್ತು. ಚೆಂದದ ಮರವೇ, ಆದರೆ ಅದು ಮಡಗಾಸ್ಕರಿನದು, ಮಳೆಗಾಲದ ಗಾಳಿಗೆ ಕೊಂಬೆ ಮುರಿದು ಬೀಳುವುದನ್ನು ನೋಡಿ ಸಾಕಾಗಿದೆ. ಹೊಳೆದಾಸವಾಳ ಮಹಾರಾಷ್ಟ್ರದ ರಾಜ್ಯಪುಷ್ಪ. ಇಲ್ಲಿ ತಾಮಣ ಎನ್ನುತ್ತಾರೆ. ಆಪ್ಟಾ ನನ್ನ ಹಟ. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟಂತೆ ಇಲ್ಲಿ ಆಪ್ಟಾದ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ, ಅದಕ್ಕಾಗಿ ಕೊಂಬೆಗಳನ್ನೇ ಸವರಿ ಮಾರುಕಟ್ಟೆಗೆ ತರುತ್ತಾರೆ. ಮುಂದೊಂದು ದಸರೆಗೆ ನಮ್ಮ ಮಕ್ಕಳು ತಮ್ಮದೇ ಮರದ ಬುಡದಲ್ಲಿ ಬಿದ್ದ ಎಲೆ ಆಯ್ದು ಕೊಡಲಿ ಎಂಬ ಆಸೆ.

ಆ ದಿನ ಕಲಬುರಗಿಯ ಹುಡುಗ ಬ್ಲೇಡು ಹಿಡಿದು ಗುಂಡಿಯ ಪಕ್ಕ ನಿಂತಿದ್ದ. ಚೀಲ ಸೀಳಿ ಕೈಗೆ ಬರುವವರೆಗೆ ಅತಿಥಿಗೆ ಗಿಡ ಕೊಡಲೇ ಇಲ್ಲ. ಫೋಟೋದವರು ಐದು ನಿಮಿಷ ಕಾದರು. ಬುಡಕ್ಕೆ ಒಣಗಿದೆಲೆ ಹೊದಿಸುವುದು, ದಿನಾ ಒಂದು ಮಗ್ಗಿನ ಬದಲು ಬೇಸಿಗೆಯಲ್ಲಿ ವಾರಕ್ಕೆರಡು ಸಲ ಬಕೆಟ್ ತುಂಬ ನಿಧಾನ ಸುರಿಯುವುದು, ಇದನ್ನೆಲ್ಲ ಅವನೇ ಉಳಿದವರಿಗೆ ಹೇಳಿಕೊಟ್ಟ.

ಸಂಜೆ ಮೇ ತಿಂಗಳ ನೀರಿನ ಪಟ್ಟಿ ಮಾಡಲು ಕೂತೆ. ವಾಚ್‌ಮನ್ ಭೈಯಾ ಒಪ್ಪಿದರು, ಹತ್ತಿರದ ಚಾಳಿನ ಇಬ್ಬರು ಹುಡುಗಿಯರೂ ಒಪ್ಪಿದರು. ಇವನ ಹೆಸರು ಮೊದಲೇ ಬರೆಯುತ್ತಿದ್ದೆ.

"ರಜಾದಾಗ ಊರಿಗಿ ಹೋಗಂಗಿಲ್ರಿ" ಎಂದ. ಆಮೇಲೆ ಸ್ವಲ್ಪ ತಡೆದು, "ಆದ್ರ ಬಿಲ್ಡಿಂಗ್ ಮುಗದ್ರ ಬ್ಯಾರೆ ಕಡಿ ಹೋಗ್ತೀವ್ರಿ. ನನ್ ಹೆಸರು ಪೆನ್ಸಿಲ್‌ಲೆ ಬರೀರಿ ಟೀಚರ್" ಎಂದ.